ಅಡ್ಡಸಾಲು ಏಳರ ಕುಳ್ಳಮ್ಮ

ಭಾನುವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹುಣಸೂರಿನ ಬಜಾರಿನ ಹಿಂದಿನ ಬೀದಿಯ ಪುಟ್ಟ ಅಚ್ಚುಕೂಟದಲ್ಲಿ ಗಂಗಾಧರಪ್ಪ ಆಗಲೇ ಸ್ಟೂಲಿನ ಮೇಲೆ ಕೂತು ಅಚ್ಚಿನ ಮೊಳೆ ಜೋಡಿಸುತ್ತಿದ್ದಾರೆ. ಸೀಸದ ಅಕ್ಷರಗಳೆಲ್ಲ ತಿರುಗುಮುರುಗು. ನೇರವಾದ ಅಕ್ಷರಕ್ಕಿಂತ ಅವರಿಗೆ ಇವೇ ಸಲೀಸು. ಆದರೆ ಇವತ್ತು ಕೈ ಮೊಳೆಗಳ ಮೇಲಿದ್ದರೂ ಕಣ್ಣು ಬೀದಿ ಕಡೆಯ ಕಿಟಕಿಯ ಮೇಲಿದೆ. ಹೋದ ಭಾನುವಾರ ಆ ಕಿಟಕಿಗೆ ಬರಬೇಕಾದವಳು ಬರಲಿಲ್ಲ. ಇವತ್ತೂ ಬಾರದಿದ್ದರೆ ಅವರ ಆರು ವರ್ಷದ ಕೆಲಸ ನಿಂತುಹೋದಂತೆಯೇ.

ಆ ಕೆಲಸ ಪದಬಂಧ ಕಟ್ಟುವುದು. ಈ ಅಚ್ಚುಕೂಟದಿಂದ ಪ್ರತಿ ಶನಿವಾರ ನಾಲ್ಕು ಪುಟದ ವಾರಪತ್ರಿಕೆ ಹೊರಡುತ್ತದೆ. ಹೊಗೆಸೊಪ್ಪಿನ ಧಾರಣೆ, ತಪ್ಪಿಸಿಕೊಂಡ ಎತ್ತು, ಯಾರದೋ ಮದುವೆ ಎಲ್ಲವೂ ಅದರಲ್ಲಿದ್ದರೂ ಜನ ಮೊದಲು ತಿರುಗಿಸುವುದು ಕೊನೆಯ ಪುಟವನ್ನೇ. ಅಲ್ಲಿನ ಪದಬಂಧದ ಸುಳಿವುಗಳೆಲ್ಲ ರೇಡಿಯೊದ ‘ಚಾವಡಿ ಚೇಷ್ಟೆ’ಯವು. ಶನಿವಾರ ಸಂಜೆ ಏಳಕ್ಕೆ ಬರುವ ಆ ಅರ್ಧ ಗಂಟೆಯ ಚಿಕ್ಕಚಿಕ್ಕ ನಗೆಪ್ರಸಂಗಗಳನ್ನು ಕೇಳದವರು ಈ ಸೀಮೆಯಲ್ಲಿ ಕಡಿಮೆ. ಒಬ್ಬ ದಫೇದಾರ, ಒಬ್ಬ ಶಾನುಭೋಗ, ಒಬ್ಬ ತಳವಾರ, ಮೂವರೂ ಒಬ್ಬರಿಗಿಂತ ಒಬ್ಬರು ಮಹಾ ಬುದ್ಧಿವಂತರು! ‘ಮಳೆ ಬಂದಾಗ ಶಾನುಭೋಗ ತಲೆಯ ಮೇಲೆ ಹಿಡಿಯುವುದು, ಮೂರಕ್ಷರ’ ಎಂದು ಕೇಳಿದರೆ ಕಂಪಲಾಪುರದ ಅಂಗಡಿ ಜಗುಲಿಯಲ್ಲೂ ‘ದಫ್ತರ!’ ಎಂದು ಯಾರಾದರೂ ಕೂಗುತ್ತಾರೆ.

ಕೂಗುವವರಿಗೆ ಗಂಗಾಧರಪ್ಪನವರ ಹೆಸರು ಗೊತ್ತಿಲ್ಲ. ಪತ್ರಿಕೆಯಲ್ಲಿ ಅದು ಒಂದು ಸಲವೂ ಬಂದಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಈ ಸ್ಟೂಲು ಹತ್ತಿದವರಿಗೆ ಈಗ ಐವತ್ತೆರಡು. ದಿನಕ್ಕೆ ನಾಲ್ಕೈದು ಸಾವಿರ ಮೊಳೆ ಎತ್ತಿಡುವ ಬೆರಳುಗಳು ಸೀಸ ಕಚ್ಚಿ ಕಪ್ಪಾಗಿವೆ, ಎಡಗಣ್ಣು ಮಂಜಾಗಿದೆ. ಸವೆದ ಮೊಳೆಗಳನ್ನೂ ಅವರು ಬಿಸಾಡುವುದಿಲ್ಲ. ತಲೆಕೆಳಗಾಗಿ ನಿಲ್ಲಿಸಿದರೆ ಅವುಗಳ ಬುಡವೇ ಮಸಿ ಹಿಡಿದು ಪದಬಂಧದ ಕಪ್ಪು ಮನೆಗಳಾಗುತ್ತವೆ. “ಮುದಿಯಾದೋವ್ಕೂ ಒಂದು ಕೆಲ್ಸ ಬೇಕಲ್ಲ ಸ್ವಾಮಿ” ಎಂದು ನಗುತ್ತಾರೆ.

ಇಷ್ಟೆಲ್ಲ ಮಾಡುವ ಮನುಷ್ಯ ‘ಚಾವಡಿ ಚೇಷ್ಟೆ’ಯನ್ನು ಒಮ್ಮೆಯೂ ಕೇಳಿಲ್ಲ! ರೇಡಿಯೊ ಇರುವುದು ಎದುರಿನ ಕಾಫಿ ಹೋಟಲಿನಲ್ಲಿ. ಶನಿವಾರ ಸಂಜೆ ಏಳಕ್ಕೇ ಇಲ್ಲಿ ಪತ್ರಿಕೆ ಅಚ್ಚಾಗಬೇಕು, ಯಂತ್ರದ ಸದ್ದಿಗೆ ಕಿವಿ ಕಿತ್ತುಹೋಗುತ್ತದೆ. “ನಗೋದು ಕಾಣ್ತದೆ, ಮಾತು ಕೇಳ್ಸಲ್ಲ” ಎನ್ನುತ್ತಾರೆ.

ಮಾತು ಕೇಳಿಸುವವಳು ಪುಟ್ಟತಾಯಮ್ಮ. ಹೊಗೆಸೊಪ್ಪಿನ ಮಂಡಿಯಲ್ಲಿ ಎಲೆ ವಿಂಗಡಿಸುವ ಹೆಂಗಸು. ಓದು ಬರಹ ಬಾರದು. ಶನಿವಾರ ಕೆಲಸ ಬಿಟ್ಟು ಬರುವಾಗ ಹೋಟಲಿನ ಹೊರಗಿನ ಕಲ್ಲಿನ ಮೇಲೆ ಕೂತು ಕೇಳುತ್ತಾಳೆ. ಭಾನುವಾರ ನಸುಕಿಗೆ ಮಂಡಿಗೆ ಹೋಗುವಾಗ ಈ ಕಿಟಕಿಯ ಸರಳು ಹಿಡಿದು ನಿಂತು, ದಫೇದಾರನ ಗಂಟಲಲ್ಲಿ ಗದರಿ, ಶಾನುಭೋಗನಂತೆ ಮೂಗಿನಲ್ಲಿ ರಾಗ ಎಳೆದು, ಎಲ್ಲವನ್ನೂ ಒಪ್ಪಿಸುತ್ತಾಳೆ. ಆಮೇಲೆ ಮಂಡಿಯಲ್ಲಿ ಎಲೆ ಬಿಡಿಸುತ್ತ ಅದನ್ನೇ ಇನ್ನೊಮ್ಮೆ. ಅಲ್ಲಿನ ನೂರಾರು ಹೆಂಗಸರ ಬಾಯಲ್ಲಿ ಅದು ಸಂಜೆಯೊಳಗೆ ಹಳ್ಳಿಹಳ್ಳಿ ಸೇರುತ್ತದೆ.

ಎಡವಟ್ಟಾದದ್ದು ಹೋದ ತಿಂಗಳು. ‘ದಫೇದಾರನನ್ನೂ ಗದರಿಸಿ ಉಣ್ಣಿಸುವಾಕೆ, ಮೂರಕ್ಷರ.’ ಅಡ್ಡಸಾಲು ಏಳು. ಉತ್ತರ, ಕುಳ್ಳಮ್ಮ. ಮೈಸೂರಿನಿಂದ ಒಂದು ಕಾಗದ ಬಂತು. ಬರೆದವರು ಒಂದು ಶನಿವಾರವೂ ತಪ್ಪಿಸದೆ ಕೇಳುವವರು. ಈ ಕಾರ್ಯಕ್ರಮದಲ್ಲಿ ಹೆಣ್ಣುಪಾತ್ರವೇ ಇಲ್ಲ, ಕುಳ್ಳಮ್ಮ ಯಾರು ಎಂದು ಅವರ ಪ್ರಶ್ನೆ.

ಅಚ್ಚುಕೂಟದ ಯಜಮಾನ ಷಣ್ಮುಖಪ್ಪ ಕೆಂಡವಾದರು. “ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಕಿವೀಲಿ ಕೇಳ್ದೇ ಇರೋದ್ನ ಅಚ್ಚು ಹಾಕಿದ್ದೀಯಲ್ಲಯ್ಯ! ತಪ್ಪಾಯ್ತು ಅಂತ ಬರೋ ಶನಿವಾರ ಹಾಕು.”

ಮರುದಿನ, ಭಾನುವಾರ, ಗಂಗಾಧರಪ್ಪ ಕಿಟಕಿಯಲ್ಲಿ ಮೆಲ್ಲಗೆ ಕೇಳಿದರು. ಪುಟ್ಟತಾಯಮ್ಮ ಮುಚ್ಚಿಡಲಿಲ್ಲ. “ಅವ್ಳು ರೇಡಿಯೋದಾಗೆ ಎಲ್ಲವ್ಳೆ? ನಾನೇ ಇಟ್ಟಿದ್ದು ಕಣ್ರೀ. ಮೂರು ಜನ ಗಂಡಸ್ರು ಒತ್ತಾರೆಯಿಂದ ಚಾವಡೀಲಿ ಕುಂತವ್ರೆ. ಮುದ್ದೆ ಇಕ್ಕಾಕೆ, ಬುದ್ಧಿ ಏಳಾಕೆ ಒಬ್ಬಳಾದ್ರೂ ಬ್ಯಾಡ್ವ?” ಆಮೇಲೆ ಅವಳ ದನಿ ಸಣ್ಣದಾಯಿತು. “ನಿಮ್ ಕೆಲ್ಸಕ್ಕೆ ಕುತ್ತಾಯ್ತಾ ಗಂಗಾಧರಪ್ನೋರೆ? ಅಂಗಾದ್ರೆ ಇನ್ನು ಬರಾಕಿಲ್ಲ ಬುಡಿ.” ಸರಳು ಬಿಟ್ಟು ಹೊರಟೇಹೋದಳು. ಗಂಗಾಧರಪ್ಪನವರಿಗೆ ಆವತ್ತು ಊಟ ಸೇರಲಿಲ್ಲ.

ತಪ್ಪೊಪ್ಪಿಗೆಯ ಮೊಳೆ ಜೋಡಿಸಬೇಕಾದವರೂ ಅವರೇ. ಎರಡು ಸಾಲು ಜೋಡಿಸಿ ನಿಲ್ಲಿಸಿದರು. ಓದುಗರು ಕಳಿಸಿದ ಉತ್ತರಗಳ ಕಟ್ಟು ಬಿಚ್ಚಿದರು. ಬಂದಿದ್ದ ನೂರಾ ಹನ್ನೆರಡರಲ್ಲಿ ತೊಂಬತ್ತೇಳರಲ್ಲಿ ಕುಳ್ಳಮ್ಮ ಎಂದೇ ಇತ್ತು. ಅವರಲ್ಲಿ ಕೆಲವರಾದರೂ ರೇಡಿಯೊಗೆ ಕಿವಿಯಿಟ್ಟು ಕೂತವರೇ, ಆದರೂ ಮಂಡಿಯ ಹೆಂಗಸರಿಂದ ಕೇಳಿದ ಕುಳ್ಳಮ್ಮನನ್ನು ಒಪ್ಪಿಕೊಂಡಿದ್ದರು. ಕಟ್ಟನ್ನು ಯಜಮಾನರ ಮುಂದಿಟ್ಟರು. “ತೊಂಬತ್ತೇಳು ಜನಕ್ಕೆ ಗೊತ್ತಿರೋಳ್ನ ಇಲ್ಲ ಅಂತ ಹೆಂಗೆ ಅಚ್ಚು ಹಾಕ್ಲಿ ಹೇಳಿ” ಎಂದರು. ಮೂವತ್ತೆಂಟು ವರ್ಷದಲ್ಲಿ ಅವರು ಯಜಮಾನರಿಗೆ ಎದುರಾಡಿದ್ದು ಅದೇ ಮೊದಲು. ಷಣ್ಮುಖಪ್ಪ ಕಾಗದಗಳನ್ನು ಒಂದೊಂದಾಗಿ ತಿರುವಿ ಹಾಕಿದರು, ಮೀಸೆಯಡಿ ನಕ್ಕರು. “ನಿಂಗೆ ಸರಿ ಕಂಡಂಗೆ ಹಾಕು” ಎಂದು ಎದ್ದುಹೋದರು.

ಆ ಶನಿವಾರ ಪತ್ರಿಕೆಯಲ್ಲಿ ಬಂದದ್ದು ಇಷ್ಟೇ: ‘ಅಡ್ಡಸಾಲು ಏಳು. ಕುಳ್ಳಮ್ಮ ರೇಡಿಯೊದಲ್ಲಿಲ್ಲ. ನಮ್ಮ ಸೀಮೆಯಲ್ಲಿದ್ದಾಳೆ. ಉತ್ತರ ಸರಿ.’

ಆದರೆ ಮರುದಿನ ಪುಟ್ಟತಾಯಮ್ಮ ಬರಲಿಲ್ಲ. ಪತ್ರಿಕೆ ಇನ್ನೂ ಮಂಡಿ ಮುಟ್ಟಿರಲಿಲ್ಲ. ಸೋಮವಾರ ಗಂಗಾಧರಪ್ಪ ತಾವೇ ಒಂದು ಪ್ರತಿ ಒಯ್ದು, ಓದಬಲ್ಲವರ ಕೈಲಿ ಪುಟ್ಟತಾಯಮ್ಮನಿಗೆ ಓದಿಸಿರೆಂದು ಮಂಡಿಯ ಬಾಗಿಲಲ್ಲಿ ಕೊಟ್ಟು ಬಂದರು. ನಿನ್ನೆಯ ಸಂಚಿಕೆಯಲ್ಲಿ ಪದಬಂಧದ ಜಾಗಕ್ಕೆ ಎತ್ತಿನ ಲಾಳದ ಜಾಹೀರಾತು ಬಿತ್ತು. ಅಚ್ಚು ಹಾಕುವುದನ್ನು ಶುಕ್ರವಾರಕ್ಕೆ ಬದಲಾಯಿಸುತ್ತೇನೆ, ನೀನೇ ಹೋಗಿ ರೇಡಿಯೊ ಕೇಳು ಎಂದು ಷಣ್ಮುಖಪ್ಪ ಹೇಳಿದ್ದಾರೆ. ಗಂಗಾಧರಪ್ಪ ಒಪ್ಪಿಲ್ಲ.

ಯಾಕೆ ಎಂದು ಕೇಳಿದರೆ ಹೇಳುತ್ತಾರೆ: “ನಾನೇ ಕೇಳ್ಬುಟ್ರೆ ಯಾವ್ದು ರೇಡಿಯೊದ್ದು, ಯಾವ್ದು ಅವಳದ್ದು ಅಂತ ಗೊತ್ತಾಗೋಯ್ತದೆ. ಅದು ನಂಗೆ ಬ್ಯಾಡ. ಆಯಮ್ಮ ಬಂದು ಹೇಳ್ಬೇಕು, ನಾನು ಜೋಡಿಸ್ಬೇಕು. ಅಷ್ಟಿದ್ರೆ ಸಾಕು.”

ಬೀದಿಯಲ್ಲಿ ಬೆಳಕಾಗುತ್ತದೆ. ಮಂಡಿಗೆ ಹೋಗುವ ಹೆಂಗಸರು ಗುಂಪುಗುಂಪಾಗಿ ದಾಟುತ್ತಾರೆ. ಕೊನೆಯ ಗುಂಪೂ ದಾಟುತ್ತದೆ. ಗಂಗಾಧರಪ್ಪ ತಲೆ ತಗ್ಗಿಸಿ ಮೊಳೆಗೆ ಕೈ ಹಾಕುತ್ತಾರೆ.

ಅಷ್ಟರಲ್ಲಿ ಕಿಟಕಿಯ ಸರಳನ್ನು ಹೊಗೆಸೊಪ್ಪಿನ ಕಂದು ಹತ್ತಿದ ಎರಡು ಕೈಗಳು ಹಿಡಿಯುತ್ತವೆ.

“ಗಂಗಾಧರಪ್ನೋರೆ, ನೆನ್ನೆ ನಮ್ ಕುಳ್ಳಮ್ಮ ಏನು ಮಾಡುದ್ಲು ಗೊತ್ತಾ?”