ಎಲೆಯ ಕೆಳಗಿನ ನುಸಿ

ನನ್ನ ಬಲಗಾಲು ಮುರಿದದ್ದು ನೀರಮಾನ್ವಿಯ ಗುಡ್ಡದಲ್ಲಿ. ಆಗ ನಾನು ಹತ್ತೋ ಹನ್ನೊಂದೋ ವರ್ಷದ ಹುಡುಗಿ. ನಮ್ಮದು ದೇವದುರ್ಗದ ಕಡೆಯ ಕುರಿ ಸಾಕುವ ಮನೆತನ. ಶಿವರಾತ್ರಿ ಕಳೆದು ನಮ್ಮ ಕಡೆ ಮೇವು ತೀರಿದಾಗ ಅಪ್ಪ ಹಿಂಡನ್ನು ಮಾನ್ವಿಯ ಕಡೆ ಹೊಡೆದುಕೊಂಡು ಹೋಗುತ್ತಿದ್ದ. ಆ ವರ್ಷ ನಾನೂ ಜೊತೆಗಿದ್ದೆ. ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಮರಿಯನ್ನು ಎತ್ತಲು ಹೋಗಿ ಜಾರಿ ಬಿದ್ದೆ. ಮರಿ ತಾನೇ ಜಿಗಿದು ಓಡಿತು. ನಾನು ಏಳಲಿಲ್ಲ.

ಅಪ್ಪ ನನ್ನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿನ ಗಾಡಿಯಲ್ಲಿ ಮಾನ್ವಿಗೆ ತಂದ. ಅಲ್ಲಿಂದ ರಾಯಚೂರಿಗೆ ಬಸ್ಸು. ಯುದ್ಧದ ಕಾಲವಾದ್ದರಿಂದ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂದೆ ಇದ್ದಲಿನ ಒಲೆ ಕಟ್ಟಿ ಅದರ ಹೊಗೆಯಿಂದ ಓಡಿಸುತ್ತಿದ್ದರು. ದಿಬ್ಬ ಬಂದಲ್ಲೆಲ್ಲ ಅದು ನಿಂತುಬಿಡುತ್ತಿತ್ತು. ಗಂಡಸರು ಇಳಿದು ನೂಕುತ್ತಿದ್ದರು, ಅಪ್ಪ ಮಾತ್ರ ನನ್ನ ಕಾಲು ಅಲುಗದಂತೆ ಹಿಡಿದುಕೊಂಡು ಕೂತಿದ್ದ. ದವಾಖಾನೆಯಲ್ಲಿ ತೊಡೆಯಿಂದ ಪಾದದವರೆಗೆ ಪಟ್ಟಿ ಹಾಕಿ, ಎರಡು ತಿಂಗಳು ಕಾಲು ನೆಲಕ್ಕೆ ಇಡಕೂಡದು ಎಂದರು. ಅವ್ವ ಊರಿನಲ್ಲಿ ಹಸುಗೂಸಿನೊಂದಿಗೆ ಇದ್ದಳು. ಹಿಂಡು ಬೇರೆಯವರ ಕೈಯಲ್ಲಿತ್ತು. ಅಪ್ಪ ನನ್ನನ್ನು ರಾಯಚೂರಿನಲ್ಲೇ ಇದ್ದ ಚಿಗವ್ವನ ಮನೆಯಲ್ಲಿ ಮಲಗಿಸಿ ಹೊರಟುಹೋದ.

ಚಿಗವ್ವ ನಮ್ಮವ್ವನ ತಂಗಿ. ಅದೇ ದವಾಖಾನೆಯಲ್ಲಿ ಆಯಾ ಆಗಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹತ್ತಿ ಮಿಲ್ಲಿನ ಹಿಂದಿನ ಓಣಿಯಲ್ಲಿ ಅವಳದು ಒಂದೇ ಕೋಣೆಯ ಮನೆ. ಆ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಮೂರು ತಗಡಿನ ಡಬ್ಬಿಗಳಲ್ಲಿ ಮೂರು ಗುಲಾಬಿ ಗಿಡಗಳಿದ್ದವು. ಗೇಣುದ್ದದ ಗಿಡಗಳು. ಹೂವು ಬಾರಿಹಣ್ಣಿಗಿಂತ ದೊಡ್ಡದಲ್ಲ, ಆದರೆ ಪಕಳೆ ಎಲ್ಲ ದೊಡ್ಡ ಗುಲಾಬಿಯಂತೆಯೇ. ಹೈದರಾಬಾದಿಗೆ ವರ್ಗವಾಗಿ ಹೋದ ನರ್ಸಮ್ಮ ಒಬ್ಬರು ಹೋಗುವಾಗ ಚಿಗವ್ವನ ಕೈಗೆ ಇಟ್ಟು ಹೋದ ಗಿಡಗಳವು. ಹೊರಗೆ ಇಟ್ಟರೆ ಓಣಿಯ ಆಡುಗಳು ಬಿಡುತ್ತಿರಲಿಲ್ಲ, ರಾಯಚೂರಿನ ಬಿಸಿಲೂ ಬಿಡುತ್ತಿರಲಿಲ್ಲ. ಅದಕ್ಕೇ ಒಳಗೆ. ಚಿಗವ್ವ ಒಂದು ಹೂವನ್ನೂ ಕಿತ್ತು ಮುಡಿದದ್ದು ನಾನು ನೋಡಲಿಲ್ಲ. ಕೆಲಸದಿಂದ ಬಂದವಳು ಕಾಲು ತೊಳೆದು ಮೊದಲು ಅವುಗಳ ಮುಂದೆ ನಿಲ್ಲುತ್ತಿದ್ದಳು, ಆಮೇಲೆ ನನ್ನನ್ನು ಮಾತಾಡಿಸುತ್ತಿದ್ದಳು.

ನಾನು ಹೋಗಿ ಒಂದೆರಡು ವಾರಕ್ಕೆ ಗಿಡಗಳು ಕಂದತೊಡಗಿದವು. ಎಲೆಯ ಹಸಿರು ಹೋಗಿ ಬೂದಿ ಎರಚಿದ ಹಾಗೆ ಚುಕ್ಕೆ ಬಿದ್ದವು. ಆಮೇಲೆ ಎಲೆಗಳೇ ಉದುರತೊಡಗಿದವು.

"ಮಿಲ್ಲಿನ ಹತ್ತಿ ಧೂಳು ಬೀಳಾಕತ್ತದ," ಎಂದಳು ಚಿಗವ್ವ. ಮೇಲಿನಿಂದ ಒರೆಸಿದಳು. ನೀರು ಹೆಚ್ಚು ಹಾಕಿದಳು. ದೃಷ್ಟಿಯಾಗಿರಬೇಕೆಂದು ಮೆಣಸಿನಕಾಯಿ ನಿವಾಳಿಸಿದಳು. ಪಕ್ಕದ ಮನೆಯ ಮುದುಕಿ, ಸೀಮೆಎಣ್ಣೆ ಹಚ್ಚಿದರೆ ಯಾವ ರೋಗವೂ ಉಳಿಯುವುದಿಲ್ಲ ಎಂದಳು. ಅವಳ ಮಾತು ಕೇಳಿ ಒಂದು ಗಿಡಕ್ಕೆ ಹಚ್ಚಿದಳು; ಮೂರನೆಯ ದಿನಕ್ಕೆ ಅದು ಕರ್ರಗೆ ಸುಟ್ಟುಹೋಯಿತು. ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಚಿಗವ್ವ ಅತ್ತಳು.

"ಆ ನರ್ಸಮ್ಮ ನನ್ನ ನಂಬಿ ಕೊಟ್ಟು ಹೋದಳು. ನಾ ನನ್ನ ಕೈಯಾರೆ ಕೊಂದೆ."

ದೊಡ್ಡವರು ಗಿಡಕ್ಕಾಗಿ ಅಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದೆ.

ನನ್ನ ಹಾಸಿಗೆ ಇದ್ದದ್ದು ಕಿಟಕಿಯ ಬುಡದಲ್ಲೇ, ನೆಲದ ಮೇಲೆ. ನಿಂತವರಿಗೆ ಎಲೆಯ ಮೇಲ್ಭಾಗ ಕಾಣುತ್ತಿತ್ತು; ಅಂಗಾತ ಬಿದ್ದ ನನಗೆ ಅದರ ಹೊಟ್ಟೆಯ ಭಾಗ. ಮುಂಜಾನೆ ಬಿಸಿಲು ಎಲೆಗಳನ್ನು ಹಾದು ಬರುವಾಗ ಅವುಗಳ ಕೆಳಗೆ ಏನೋ ಮಿನುಗಿದಂತಾಯಿತು. ಕೂದಲಿಗಿಂತ ತೆಳುವಾದ ಬಲೆ. ಅದರ ಮೇಲೆ ಕೆಂಪು ಚುಕ್ಕೆಗಳು, ಸಾಸಿವೆಯ ಚೂರಿಗಿಂತಲೂ ಸಣ್ಣವು. ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದೆ. ಚುಕ್ಕೆಯೊಂದು ನಡೆಯಿತು.

"ಚಿಗವ್ವಾ, ಬಾ ಬೇ ಇಲ್ಲಿ! ಮಕ್ಕೋ! ನನ್ನ ಬಾಜೂಕ ಮಕ್ಕೊಂಡು ಮ್ಯಾಲ ನೋಡು!"

ಒಲೆಯ ಮುಂದಿದ್ದ ಚಿಗವ್ವ ನನಗೆ ಜ್ವರ ಬಂತೇನೋ ಎಂದು ಓಡಿ ಬಂದಳು. ನನ್ನ ಪಕ್ಕ ಮಲಗಿ ನೋಡಿದಳು.

"ಇವು ಏನವಾ?"

"ಕುರಿಗೆ ಉಣ್ಣಿ ಹತ್ತತಾವಲ್ಲ, ಹಂಗ. ಅವೂ ಬೆನ್ನ ಮ್ಯಾಗ ಇರಂಗಿಲ್ಲ. ಕಿವಿ ಒಳಗ, ಹೊಟ್ಟಿ ಕೆಳಗ ಇರ್ತಾವ. ಇವು ರಗತ ಕುಡ್ಯಾಕತ್ತಾವ."

ಉಣ್ಣಿಗೆ ಅಪ್ಪ ತಂಬಾಕಿನ ನೀರು ಹಚ್ಚುತ್ತಿದ್ದ. ಅದನ್ನೇ ಮಾಡಿದೆವು. ತುದಿಯ ಮೊಗ್ಗುಗಳಿಗೆ ಮುತ್ತಿದ್ದ ಬೇರೊಂದು ಬಗೆಯ ಹುಳ, ಹಸಿರು ಹೇನುಗಳು, ಅದಕ್ಕೆ ಸತ್ತವು. ಚಿಗವ್ವ ಗೆದ್ದೆವೆಂದು ಹಿಗ್ಗಿದಳು. ಮರುದಿನ ನೋಡಿದರೆ ಕೆಂಪು ನುಸಿಗಳು ಏನೂ ಆಗಿಲ್ಲವೆನ್ನುವಂತೆ ಓಡಾಡುತ್ತಿದ್ದವು.

ದಾರಿ ಸಿಕ್ಕಿದ್ದು ಬೇರೆ ರೀತಿ. ಸೆಕೆಗೆ ಚಿಗವ್ವ ಒಂದು ಹಳೆಯ ಸೀರೆಯನ್ನು ನೀರಲ್ಲಿ ಅದ್ದಿ ಕಿಟಕಿಗೆ ಕಟ್ಟುತ್ತಿದ್ದಳು. ಒಂದು ಗಿಡದ ಒಂದೇ ಒಂದು ರೆಂಬೆ ಆ ಹಸಿ ಸೀರೆಗೆ ತಾಗಿಕೊಂಡಿತ್ತು. ಆ ರೆಂಬೆಯಲ್ಲಿ ಬಲೆ ಇರಲಿಲ್ಲ. ನುಸಿಯೂ ಇರಲಿಲ್ಲ. ಉಳಿದ ಗಿಡವೆಲ್ಲ ಮುತ್ತಿಹೋಗಿತ್ತು. ಎರಡು ದಿನ ನೋಡಿ ಖಾತ್ರಿ ಮಾಡಿಕೊಂಡು ಹೇಳಿದೆ: "ಇವಕ್ಕ ನೀರು ಆಗಿಬರಂಗಿಲ್ಲ. ಬುಡಕ್ಕಲ್ಲ, ಎಲಿ ಕೆಳಗ ನೀರು ಬೀಳಬೇಕು."

ಅಂದಿನಿಂದ ಚಿಗವ್ವ ಕೆಲಸಕ್ಕೆ ಹೋಗುವ ಮುಂಚೆ ಡಬ್ಬಿಯೊಂದನ್ನು ನನ್ನ ಪಕ್ಕ ಇಟ್ಟು, ಒಂದು ತಂಬಿಗೆ ನೀರು, ಅಂಟುವಾಳದ ಕಾಯಿ ನೆನೆಸಿದ ನೊರೆನೀರು, ಮೆತ್ತನೆಯ ಅರಿವೆ ಕೊಟ್ಟು ಹೋಗುತ್ತಿದ್ದಳು. ನಾನು ಒಂದೊಂದೇ ಎಲೆಯನ್ನು ಅಂಗೈ ಮೇಲೆ ಮಗುಚಿಕೊಂಡು ತೊಳೆಯುತ್ತಿದ್ದೆ. ಕೆಟ್ಟ ಎಲೆಗಳನ್ನು ಕಿತ್ತು ಕಾಗದದಲ್ಲಿ ಸುತ್ತಿಟ್ಟರೆ ಅವಳು ಬಂದು ಒಲೆಗೆ ಹಾಕುತ್ತಿದ್ದಳು. ಮುಳ್ಳು ಚುಚ್ಚುತ್ತಿದ್ದವು. ಹಾಸಿಗೆ ಒದ್ದೆಯಾಗುತ್ತಿತ್ತು. ಆದರೆ ಅಲ್ಲಿಯವರೆಗೆ ಸೂರು ನೋಡುತ್ತ ಬಿದ್ದಿದ್ದ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಐದಾರು ದಿನಕ್ಕೆ ಎಲ್ಲ ಸ್ವಚ್ಛವಾಯಿತು ಎನ್ನುವಾಗ ಮತ್ತೆ ಕೆಂಪು ಚುಕ್ಕೆಗಳು ಕಂಡವು. ತತ್ತಿ ಒಡೆದು ಮರಿಗಳು ಬಂದಿದ್ದವು. ಸಿಟ್ಟಿನಿಂದ ಅರಿವೆ ಬಿಸಾಕಿದೆ.

"ಮತ್ತ ಬಂದಾವ ಚಿಗವ್ವಾ. ನಾ ಒಲ್ಲೆ."

ಅವಳು ಅರಿವೆಯನ್ನು ಹಿಂಡಿ ನನ್ನ ಕೈಗೆ ಕೊಟ್ಟಳು. "ಬರ್ಲಿ ಬಿಡು. ನೀ ಎಲ್ಲಿಗೆ ಹೋಗಾಕಿ ಅದಿ? ಮತ್ತ ತೊಳಿ."

ನಗು ಬಂತು. ಮತ್ತೆ ತೊಳೆದೆ. ಮೂರು ವಾರ ದಿನಾ ತೊಳೆದ ಮೇಲೆ ಒಂದು ಮುಂಜಾನೆ ಬೋಳು ರೆಂಬೆಯ ಗೆಣ್ಣಿನಲ್ಲಿ ತಾಮ್ರದ ಬಣ್ಣದ ಚಿಗುರು ಕಂಡಿತು. ಇನ್ನೊಂದು ಗಿಡದಲ್ಲಿ ನಾಲ್ಕು ದಿನದ ನಂತರ. ಚಿಗವ್ವ ದವಾಖಾನೆಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದಳು.

ಪಟ್ಟಿ ಬಿಚ್ಚಿದಾಗ ಬಲಗಾಲು ಎಡಗಾಲಿಗಿಂತ ಚೂರು ಗಿಡ್ಡವಾಗಿತ್ತು. ನಡೆಯಬಹುದು, ಓಡಲಾಗದು ಎಂದರು ಡಾಕ್ಟರು. ಅಪ್ಪ ಕರೆದೊಯ್ಯಲು ಬಂದಿದ್ದ. ನಾನು ಗೋಡೆ ಹಿಡಿದು ನಡೆಯುವುದನ್ನು ನೋಡಿ ಅವನ ಮುಖ ಇಳಿಯಿತು.

"ಕುರಿ ಹಿಂದ ಹೆಂಗ ಓಡ್ತಾಳ ಇಕಿ?" ಎಂದ ಮೆಲ್ಲಗೆ.

"ಓಡಾದು ಬ್ಯಾಡ," ಎಂದಳು ಚಿಗವ್ವ. "ಮಾವಾ, ಇಕಿನ್ನ ಇಲ್ಲೇ ಬಿಡ್ರಿ. ಸಾಲಿಗೆ ಹಾಕ್ತೀನಿ."

"ಸಾಲಿಗಾ? ನಮ್ಮ ಮನ್ಯಾಗ ಯಾರು ಕಲ್ತಾರವ್ವಾ?"

"ಕಣ್ಣಿಗೆ ಕಾಣದ ಹುಳ ಹುಡುಕ್ಯಾಳ ಇಕಿ. ಅಷ್ಟಷ್ಟು ದೊಡ್ಡ ಅಕ್ಷರ ಕಾಣಂಗಿಲ್ಲೇನು?"

ಅಪ್ಪನಿಗೆ ನಂಬಿಕೆ ಬರಲಿಲ್ಲ. ಯಾವ ಹುಳ ಎಂದು ಕೇಳಿದ. ನಾನು ಡಬ್ಬಿಯ ಹತ್ತಿರ ಕರೆದು, ಎಲೆಯನ್ನು ಮಗುಚಿ, ಎಲ್ಲೆಲ್ಲಿ ಇದ್ದವು, ಹೇಗೆ ತೊಳೆದೆ ಎಂದು ಎಲ್ಲ ಹೇಳಿದೆ. ಅವನು ಕುಕ್ಕರಗಾಲಲ್ಲಿ ಕೂತು, ಕುರಿಯ ಕಿವಿ ನೋಡುವ ಹಾಗೆಯೇ, ಎರಡು ಬೆರಳಲ್ಲಿ ಎಲೆ ಹಿಡಿದು ನೋಡಿದ. ಎಲೆ ಬಿಟ್ಟು ಚಿಗವ್ವನ ಕಡೆ ತಿರುಗಿದ.

"ಹಬ್ಬಕ್ಕರ ಊರಿಗೆ ಕಳಸು. ಅವ್ವ ಹಾದಿ ನೋಡ್ತಾಳ."

ಮಳೆಗಾಲ ಶುರುವಾಗುವ ಹೊತ್ತಿಗೆ ನಾನು ಹೆಣ್ಣುಮಕ್ಕಳ ಶಾಲೆಗೆ ಸೇರಿದೆ. ನನಗಿಂತ ನಾಲ್ಕೈದು ವರ್ಷ ಸಣ್ಣವರ ನಡುವೆ ಕೂರಬೇಕಾಯಿತು. ಮೊದಲ ದಿನ ಚಿಗವ್ವ ರಜೆ ಹಾಕಿ ಜೊತೆಗೆ ಬಂದಳು. ಹತ್ತಿಯ ಗಾಡಿಗಳು ನಮ್ಮನ್ನು ದಾಟಿ ಹೋಗುತ್ತಿದ್ದವು. ನಾನು ಕುಂಟುತ್ತ ನಡೆದರೆ ಅವಳೂ ಅದೇ ಹೆಜ್ಜೆಗೆ ನಿಧಾನವಾಗಿ ನಡೆದಳು. ಶಾಲೆಯ ಬಾಗಿಲಲ್ಲಿ ಮೇಡಮ್ಮನವರು ನನ್ನ ವಯಸ್ಸು ಕೇಳಿ ಹುಬ್ಬೇರಿಸಿದರು. ಚಿಗವ್ವ ಕೈಮುಗಿದು, "ಕುಂದರಿಸಿ ನೋಡ್ರಿ," ಎಂದಳು. ನಾನು ಒಳಗೆ ಹೋಗಿ ಬೆಳಕು ಬೀಳುವ ಜಾಗ ನೋಡಿ ಕೂತೆ.