ಹಕ್ಕಿಯಿಲ್ಲದ ನೀರಿಗೆ ಬೈರಾಸು ಬೀಸಿದ ಕುರಿತು

ಎರ್ಮಾಳಿನ ಕಡಲತೀರದಲ್ಲಿ ನನ್ನ ತಂದೆಯವರು ನಿರ್ವಹಿಸುತ್ತಿದ್ದ ಕೆಲಸದ ಕುರಿತು ಈ ಕೆಳಗಿನಂತೆ ಬರೆದಿಡಲು ಬಯಸುತ್ತೇನೆ. ಅರ್ಜಿಗಳ ಹೊರತು ಈವರೆಗೆ ಬೇರೇನನ್ನೂ ಬರೆದವಳಲ್ಲವಾದ್ದರಿಂದ, ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ಅವರು ದೋಣಿ ಹತ್ತುತ್ತಿರಲಿಲ್ಲ. ಮರಳ ದಿಬ್ಬದ ಮೇಲೆ ನಿಂತು ನೀರು ನೋಡುತ್ತಿದ್ದರು. ಬಂಗುಡೆ ಮೀನಿನ ಹಿಂಡು ಬಂದರೆ ನೀರು ಕಪ್ಪಾಗುತ್ತದೆ, ಹನಿಮಳೆ ಬಿದ್ದಂತೆ ಮಿಡಿಯುತ್ತದೆ, ಮೇಲೆ ಹಕ್ಕಿಗಳು ಕೂಗುತ್ತ ಸುತ್ತುತ್ತವೆ. ಇಷ್ಟು ಖಚಿತವಾದ ಕೂಡಲೇ ಅವರು ಹೆಗಲ ಬೈರಾಸನ್ನು, ಅಂದರೆ ಟವೆಲನ್ನು, ಬೀಸುತ್ತಿದ್ದರು. ಅದು ವಾಲಿದ ದಿಕ್ಕಿಗೆ ದೋಣಿ ಸುತ್ತುಹಾಕಿ ಬಲೆ ಬಿಡುತ್ತಿತ್ತು. ಬಳಿಕ ದಡದಲ್ಲಿದ್ದವರೆಲ್ಲ ಸೇರಿ ಹಗ್ಗ ಎಳೆಯುತ್ತಿದ್ದೆವು. ಹಗ್ಗಕ್ಕೆ ಕೈಹಚ್ಚಿದವರು ಯಾರೇ ಇರಲಿ, ಮೀನಿನಲ್ಲಿ ಪಾಲು ಉಂಟು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅವರ ಕಣ್ಣಿಗೆ ಪೊರೆ ಬಂತು. ಈ ಸಂಗತಿಯನ್ನು ನಾವಿಬ್ಬರು ಯಾರಿಗೂ ತಿಳಿಸಲಿಲ್ಲ. ತಿಳಿದರೆ ಬೈರಾಸು ಬೇರೆಯವರ ಹೆಗಲಿಗೆ ಹೋಗುತ್ತಿತ್ತು. ಆದುದರಿಂದ ಶಾಲೆಗೆ ಹೋಗುವ ಮುನ್ನ ನಾನು ಪಕ್ಕದಲ್ಲಿ ನಿಂತು, ಕಂಡದ್ದನ್ನು ಮೆಲ್ಲಗೆ ಹೇಳುತ್ತಿದ್ದೆ. ಅದರಲ್ಲಿ ನನಗೆ ಬಹಳ ಹೆಮ್ಮೆಯಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಮಳೆಗಾಲ ಕಳೆದ ಸಮಯ. ಹಲವು ದಿನಗಳಿಂದ ಬಲೆ ಬರಿದಾಗಿತ್ತು. ಒಂದು ಬೆಳಿಗ್ಗೆ ಕಪ್ಪು ನೀರು ಕಂಡೆ.

"ಹಕ್ಕಿ ಉಂಟಾ ಮಗಾ?" ಎಂದು ಕೇಳಿದರು.

"ಉಂಟು ಅಪ್ಪ" ಎಂದೆ. ಇರಲಿಲ್ಲ. ಇನ್ನೇನು ಬಂದಾವು ಎಂದುಕೊಂಡಿದ್ದೆ.

ಅವರು ಸ್ವಲ್ಪ ತಡೆದು ಬೈರಾಸು ಬೀಸಿದರು. ಹಗ್ಗ ಎಂದಿಗಿಂತ ಭಾರವಾಗಿತ್ತು. ಎಲ್ಲರೂ ಸಂಭ್ರಮದಿಂದ ಎಳೆದರು. ಅಲೆ ಸರಿದಾಗ ಬಲೆಯೊಳಗೆ ಕಂಡದ್ದು ದೋಣಿಯಷ್ಟು ಉದ್ದದ ತಿಮಿಂಗಿಲ ಶಾರ್ಕ್. ಬೆನ್ನ ತುಂಬ ರಂಗೋಲಿಗೆ ಇಟ್ಟಂತೆ ಬಿಳಿ ಚುಕ್ಕೆಗಳು. ಅದು ಕೊಸರಲಿಲ್ಲ. ಅಗಲವಾದ ಬಾಯಿಯನ್ನು ತೆರೆದು ಮುಚ್ಚುತ್ತ, ನಮ್ಮ ತೀರ್ಮಾನಕ್ಕೆ ಕಾದಂತೆ ಬಿದ್ದುಕೊಂಡಿತ್ತು.

"ಎಂತ ಮಾರಾಯ, ನಿನ್ನ ಬಂಗುಡೆಗೆ ಇಷ್ಟು ದೊಡ್ಡ ಬಾಲ ಉಂಟಾ?" ಎಂದು ದೋಣಿಯ ಹಿರಿಯರು ಕೇಳಿದರು. ಕೆಲವರು ನಕ್ಕರು. ನಗದವರು ನನ್ನತ್ತ ನೋಡಿದರು.

ತಂದೆಯವರು ಬೈರಾಸನ್ನು ಮಡಚಿ ಆ ಹಿರಿಯರ ಕೈಗಿತ್ತರು. "ನನಗೆ ಕಣ್ಣು ಕಾಣುವುದಿಲ್ಲ. ಮಗುವಿನ ತಪ್ಪಲ್ಲ. ಬಲೆ ಕೊಯ್ಯಿರಿ" ಎಂದರು.

ಬಲೆ ಕೊಯ್ದು, ಹತ್ತಾರು ಜನ ಎದೆಮಟ್ಟದ ನೀರಿಗಿಳಿದು ಅದನ್ನು ಆಳಕ್ಕೆ ದೂಡಿದರು. ತಂದೆಯವರೂ ದೂಡಿದರು. ಅದರ ಮೈ ಒರಳುಕಲ್ಲಿನಂತೆ ತರಿತರಿಯಾಗಿತ್ತೆಂದು ಆಮೇಲೆ ಎಷ್ಟೋ ಸಲ ಹೇಳುತ್ತಿದ್ದರು.

ಹರಿದ ಬಲೆಯನ್ನು ನಮ್ಮ ಅಂಗಳದಲ್ಲಿ ಹೆಣೆಯುತ್ತ ಕುಳಿತಾಗ, ಹಕ್ಕಿ ಇರಲಿಲ್ಲವೆಂದು ಅವರಿಗೆ ತಿಳಿಸಿದೆ.

"ಕಿವಿ ಕೇಳುತ್ತದಲ್ಲ ಮಗಾ" ಎಂದರು. "ನನಗೂ ಆಸೆ ಇತ್ತು."

ತರುವಾಯ ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆಯಾಗಿ ಅವರ ದೃಷ್ಟಿ ಮರಳಿತು. ಹಿರಿಯರು ಬೈರಾಸನ್ನು ಮನೆಗೇ ತಂದರೂ ತಂದೆಯವರು ಸ್ವೀಕರಿಸಲಿಲ್ಲ. ಕೊನೆಯವರೆಗೂ ಹಗ್ಗದ ತುದಿಯಲ್ಲಿ ನಿಂತು, ಎಲ್ಲರಂತೆ ಪಾಲು ಪಡೆದರು.

ಈಗಲೂ ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ಕುಳಿತಾಗ ದೂರದಲ್ಲಿ ನೀರು ಕಪ್ಪಾದರೆ, ನಾನು ಮೊದಲು ಕಣ್ಣು ಮುಚ್ಚಿ ಹಕ್ಕಿಯ ಕೂಗಿಗೆ ಕಾಯುತ್ತೇನೆ.