ಚಿಕ್ಕೇಗೌಡ ಮೇಷ್ಟ್ರ ಹಸಿವು

ಚಿಕ್ಕೇಗೌಡ ಮೇಷ್ಟ್ರು ಅರವತ್ತೈದು ವರ್ಷ ಮುದ್ದೆ ಉಂಡರು, ಒಂದು ತುತ್ತನ್ನೂ ಅಗಿದವರಲ್ಲ. ಮುರಿದು, ಸಾರಿಗೆ ಅದ್ದಿ, ನಾಲಿಗೆಯ ಮೇಲಿಟ್ಟರೆ ಮುಗಿಯಿತು. ಗಂಟಲು ಒಮ್ಮೆ ಮೇಲೆದ್ದು ಕೆಳಗಿಳಿಯುತ್ತಿತ್ತು. ನಮ್ಮ ಸೀಮೆಯಲ್ಲಿ ಎಲ್ಲರೂ ಮುದ್ದೆ ನುಂಗುವವರೇ. ಆದರೆ ಮೇಷ್ಟ್ರಿಗೆ ಅದು ಮರ್ಯಾದೆಯ ಪ್ರಶ್ನೆ. ನಾಗಮಂಗಲದ ಕಡೆ ಒಂದು ಬೀಗರೂಟದಲ್ಲಿ ರೊಟ್ಟಿ ಸೀಮೆಯಿಂದ ಬಂದ ಹೊಸ ಅಳಿಯ ಪಾಪ, ಮುದ್ದೆಯನ್ನು ಅಗಿಯುತ್ತಾ ಕೂತಿದ್ದನಂತೆ. ಮೇಷ್ಟ್ರು ಪಂಕ್ತಿಯಿಂದ ಎದ್ದು, ಎಂಜಲು ಕೈಯಲ್ಲೇ ಅವನೆದುರು ಕುಕ್ಕರಗಾಲಲ್ಲಿ ಕೂತು, "ನೋಡಪ್ಪಾ, ಮುದ್ದೆಗೆ ಅಲ್ಲು ತೋರುಸ್ಬಾರ್ದು, ಅದುಕ್ಕೆ ಬೇಜಾರಾಯ್ತದೆ. ಇಂಗೆ ಮುರಿ, ಸಾರ್ಗೆ ಅದ್ದು, ಒಳೀಕೆ ಬುಡು" ಎಂದು ಪಾಠ ಮಾಡಿದರಂತೆ. ಈ ಕತೆಯನ್ನು ನಮಗೆ ಹೇಳಿದವರು ಅವರೇ, ಅದೂ ತರಗತಿಯಲ್ಲಿ.

ನಾನು ಪಾಂಡವಪುರದ ಹೈಸ್ಕೂಲಿನಲ್ಲಿ ಓದುವಾಗ ಅವರು ನಮಗೆ ವಿಜ್ಞಾನದ ಮೇಷ್ಟ್ರು. ಅವರದು ಯಾವಾಗಲೂ ಊಟದ ಗಂಟೆಗೆ ಮುಂಚಿನ ಪೀರಿಯಡ್ಡು. "ಅಸಿವು ಅಂದ್ರೆ ಏನಂದ್ಕೊಂಡಿದ್ದೀರಾ? ಜಠರದ ಮೇಲ್ಗಡೆ ಗ್ರೆಲಿನ್ ಅಂತ ಒಂದು ಹಾರ್ಮೋನು ತಯಾರಾಯ್ತದೆ. ಅದು ರಕ್ತದಲ್ಲಿ ಓಗಿ ಮಿದುಳಿಗೆ, ಮನೇಲಿ ರಾಗಿ ಮುಗೀತು ಕಣಪ್ಪಾ ಅಂತ ಏಳ್ತದೆ. ಅದೇ ಅಸಿವು!" ಎನ್ನುವರು. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಈ ಗ್ರೆಲಿನ್ ಬೆಳವಣಿಗೆಯ ಹಾರ್ಮೋನನ್ನೂ ಹೊರಡಿಸುತ್ತದೆ, ಕರುಳಿಗೆ ಚಲನೆ ಕೊಡುತ್ತದೆ, ನಿದ್ದೆಗೆಟ್ಟರೆ ಹೆಚ್ಚಾಗುತ್ತದೆ, ದಿನಾ ಉಣ್ಣುವ ಹೊತ್ತನ್ನು ಕಲಿತುಕೊಂಡು ಆ ಹೊತ್ತಿಗೆ ಸರಿಯಾಗಿ ಏರುತ್ತದೆ ಎಂದೆಲ್ಲ ಹೇಳುವರು. ನಮ್ಮ ಪುಸ್ತಕದಲ್ಲಿ ಇದೊಂದೂ ಇರಲಿಲ್ಲ.

ಇಲಿಗಳಲ್ಲಿ ಅದು ನೆನಪಿನ ಶಕ್ತಿಯನ್ನೂ ಹೆಚ್ಚಿಸಿತೆಂದು ಎಲ್ಲೋ ಓದಿದ್ದೇ ತಡ, ಕಿರುಪರೀಕ್ಷೆಯನ್ನು ಊಟಕ್ಕೆ ಮುಂಚೆ ಇಟ್ಟೇಬಿಟ್ಟರು. ಬಿಸಿಯೂಟದ ಸಾಂಬಾರಿನ ವಾಸನೆ ಕಿಟಕಿಯಿಂದ ಬರುತ್ತಿತ್ತು. 'ಯಕೃತ್ತಿನ ಕಾರ್ಯವೇನು?' ಎಂಬ ಪ್ರಶ್ನೆಗೆ ನನ್ನ ಗೆಳತಿ ಸವಿತಾ 'ಮೆಣಸು ಹಾಕಿ ಹುರಿದರೆ ಚೆನ್ನಾಗಿರುತ್ತದೆ' ಎಂದು ಬರೆದಳು. ಮೇಷ್ಟ್ರು ಬೈಯಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅರ್ಧ ಮಾರ್ಕು ಕೊಟ್ಟು, "ಇಲಿ ಬುದ್ಧಿವಂತ ಕಣ್ರವ್ವಾ, ನಮ್ಮೈಕ್ಳೇ ಸರಿ ಇಲ್ಲ" ಎಂದರು. ಇವತ್ತು ನಾನು ಕೆ.ಆರ್. ಪೇಟೆಯಲ್ಲಿ ವಿಜ್ಞಾನದ ಟೀಚರಾಗಿದ್ದರೆ ಆ ನಗುವೇ ಕಾರಣ.

ಈ ವರ್ಷ ಯುಗಾದಿ ಕಳೆದ ಮೇಲೆ ಮೇಷ್ಟ್ರ ಜಠರದಲ್ಲಿ ಗಡ್ಡೆ ಕಾಣಿಸಿತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಜಠರವನ್ನೇ ತೆಗೆದು, ಅನ್ನನಾಳವನ್ನು ನೇರ ಕರುಳಿಗೆ ಜೋಡಿಸಿದರು. ಗಡ್ಡೆ ಹೋಯಿತು, ಜೊತೆಗೆ ಹಸಿವೂ ಹೋಯಿತು. ದಿನಕ್ಕೆ ಆರು ಸಲ, ಚೂರು ಚೂರೇ, ನುಣ್ಣಗೆ ಅಗಿದು ತಿನ್ನಬೇಕೆಂದು ಡಾಕ್ಟರು ಹೇಳಿ ಕಳಿಸಿದ್ದರು. ಸ್ವಲ್ಪ ದಿನಕ್ಕೆ ಬೀಗರು ನಾಟಿ ಕೋಳಿ ಸಾರಿನ ಕ್ಯಾರಿಯರು ಹಿಡಿದು ಬಂದರು. ನಮ್ಮ ಕಡೆ ಉಪಚಾರವೆಂದರೆ ಒತ್ತಾಯ. "ಒಂದೇ ಒಂದ್ ತುತ್ತು ಮೇಷ್ಟ್ರೇ, ಮುದ್ದೆ ಇಳುದ್ರೆ ತಾನೇ ಜೀವ ಬರೋದು" ಅಂದರು. ಮೇಷ್ಟ್ರು ಅಭ್ಯಾಸಬಲದಿಂದ ನುಂಗಿದರು. ಅದೇ ಸಂಜೆ ಮತ್ತೆ ಆಸ್ಪತ್ರೆ ಸೇರಿದರು.

ಅಲ್ಲಿಂದ ಹಠ ಶುರುವಾಯಿತು. ನುಂಗುವ ಹಾಗಿಲ್ಲ, ಅಗಿಯಲು ನಾಚಿಕೆ. ಮುದ್ದೆಯ ತಟ್ಟೆ ಕಂಡರೆ ಮುಖ ತಿರುಗಿಸುವರು. ಗಂಜಿ ಕೊಟ್ಟರೆ ಎರಡೇ ಚಮಚಕ್ಕೆ ಸಾಕೆನ್ನುವರು. ಮೊನ್ನೆ ದಸರಾ ರಜೆಯಲ್ಲಿ ನಾನು ತೊಣ್ಣೂರಿನ ಅವರ ಮನೆಗೆ ಹೋದಾಗ ಅಂಗಿಯೊಳಗೆ ಮೇಷ್ಟ್ರನ್ನು ಹುಡುಕಬೇಕಿತ್ತು. ಇನ್ನು ಎರಡು ಕೆಜಿ ಇಳಿದರೆ ಮತ್ತೆ ಮಲಗಿಸಿ ಟ್ಯೂಬು ಹಾಕುತ್ತಾರಂತೆ ಎಂದು ಅವರ ಹೆಂಡತಿ ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೆ ಹೆದರಿಕೆಯಾಯಿತು.

"ಅಸಿವಿಲ್ದೆ ಉಣ್ಣೋದು ಸುಳ್ಳು ಏಳ್ದಂಗೆ ಕಣಮ್ಮಿ" ಎಂದರು ಮೇಷ್ಟ್ರು.

ನನಗೆ ಸಿಟ್ಟೂ ಬಂತು. "ಸಾ, ಜಠರ ತೆಗುದ್ರೂ ಕರುಳಲ್ಲಿ ಒಸಿ ಗ್ರೆಲಿನ್ ತಯಾರಾಯ್ತದೆ. ಒತ್ತಿಗೆ ಸರ್ಯಾಗಿ ಉಣ್ತಾ ಬನ್ನಿ, ಅದುಕ್ಕೂ ಒತ್ತು ಗೊತ್ತಾದ್ರೂ ಆಗ್ಬೋದು. ನೀವೇ ಏಳ್ಕೊಟ್ಟಿದ್ದಲ್ವಾ?"

"ನಂಗೇ ಪಾಠ ಮಾಡ್ತೀಯಾ?"

"ಊಂ ಸಾ."

ಅವರಿಗೆ ಹೆಮ್ಮೆಯಾದದ್ದು ಮುಖದಲ್ಲೇ ಕಂಡಿತು. ಆದರೂ ತಟ್ಟೆ ಮುಟ್ಟಲಿಲ್ಲ.

ಆಗ ಜಯಮ್ಮ ಒಂದು ಕೆಲಸ ಮಾಡಿದರು. ಎರಡು ತಟ್ಟೆಗಳನ್ನು ತಂದು ಬೀದಿಗೆ ಕಾಣುವ ಜಗಲಿಯ ಮೇಲಿಟ್ಟು, ಗಂಡನನ್ನು ಕೈಹಿಡಿದು ಎಬ್ಬಿಸಿ ಅಲ್ಲಿ ಕೂರಿಸಿದರು. ಡೇರಿಗೆ ಹಾಲು ಹಾಕಲು ಹೋಗುವವರೆಲ್ಲ ಓಡಾಡುವ ಸಂಜೆ ಹೊತ್ತು. ತಾವೇ ಮುದ್ದೆಯ ಒಂದು ತುತ್ತು ಬಾಯಿಗಿಟ್ಟು, ಎಲ್ಲರಿಗೂ ಕಾಣುವ ಹಾಗೆ ದವಡೆ ಆಡಿಸಿ ಅಗಿಯತೊಡಗಿದರು.

"ಜಯಾ, ಏನಮ್ಮಿ ಇದು? ಬೀದಿ ಜನ ನೋಡ್ತಾವ್ರೆ."

"ನೋಡ್ಲಿ ಬುಡಿ. ಇವತ್ತಿಂದ ನಾನೂ ಅಗ್ದೇ ಉಣ್ಣೋದು. ನಗೋರು ಮೊದ್ಲು ನನ್ನ ನೋಡಿ ನಗ್ಲಿ."

ಕ್ಯಾನು ಹಿಡಿದು ಹೋಗುತ್ತಿದ್ದ ಒಬ್ಬಾಕೆ ಕಿಸಕ್ಕನೆ ನಕ್ಕೂಬಿಟ್ಟಳು. ಜಯಮ್ಮ ಅವಳತ್ತ ತಿರುಗಿ ಇನ್ನೂ ಜೋರಾಗಿ ಅಗಿದರು. ಮೇಷ್ಟ್ರು ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ಕಡಲೆಕಾಳಿನಷ್ಟು ಮುದ್ದೆ ಮುರಿದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು. ಬಹಳ ಹೊತ್ತು ಅಗಿದರು. ಇದ್ದಕ್ಕಿದ್ದಂತೆ ನಿಲ್ಲಿಸಿದರು.

"ಜಯಾ, ಇದುಕ್ಕೆ ಬೆಲ್ಲ ಆಕಿದ್ದೀಯಾ?"

"ಮುದ್ದೆಗೆ ಯಾರಾದ್ರೂ ಬೆಲ್ಲ ಆಕ್ತಾರಾ? ಬರೀ ರಾಗಿ."

ಮೇಷ್ಟ್ರು ನನ್ನ ಕಡೆ ತಿರುಗಿದರು. ಕಣ್ಣು ಅಗಲವಾಗಿತ್ತು. "ಸೀ ಅದೆ ಕಣಮ್ಮಿ! ಜೊಲ್ಲು ಸೇರುದ್ರೆ ಪಿಷ್ಟ ಸಕ್ರೆ ಆಯ್ತದೆ ಅಂತ ಮೂವತ್ತು ವರ್ಷ ಬೋರ್ಡ್ ಮೇಲೆ ಬರ್ದೆ. ಒಂದಿನ ಬಾಯಲ್ಲಿಟ್ಕೊಂಡು ನೋಡ್ಲಿಲ್ವಲ್ಲಾ ನಾನು!"

ಜಯಮ್ಮ ನಗುತ್ತಲೇ ಅತ್ತರು. ನಾನೂ ಅಷ್ಟೇ. ಹಸಿವು ಬಂದಿರಲಿಲ್ಲ, ಅದನ್ನು ಅವರೇ ಹೇಳಿದರು. ಆದರೆ ಆ ಚೂರು ಮುಗಿಯುತ್ತಲೇ ತಟ್ಟೆಯನ್ನು ಹೆಂಡತಿಯತ್ತ ಸರಿಸಿ, "ಇನ್ನೊಂದ್ ಚೂರು ಮುರ್ದು ಇಕ್ಕು" ಎಂದರು.